ಪ್ರೆಷರ್ ಸೆನ್ಸರ್ ಎಲ್ಲಿ ಹಾಕಿದರೆ ಸೋರಿಕೆ ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಸರಬರಾಜಿನ ಪೈಪ್ ಜಾಲದಲ್ಲಿ ಸೋರಿಕೆ ಹುಡುಕುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಯಾವ ಸೆನ್ಸರ್ ಕೊಳ್ಳಬೇಕು ಅಂತ ತಿಂಗಳುಗಟ್ಟಲೆ ಚರ್ಚೆ ಮಾಡುತ್ತೇವೆ. ಎಲ್ಲಿ ಹಾಕಬೇಕು ಅನ್ನುವುದನ್ನು ಮಾತ್ರ ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಿಬಿಡುತ್ತೇವೆ. ಇದು ತಿರುಗುಮುರುಗಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸೋರಿಕೆ ಆದರೆ ಪೈಪಿನ ಒತ್ತಡ ಯಾಕೆ ಇಳಿಯುತ್ತದೆ?

ಬಲೂನಿಗೆ ತೂತು ಬಿದ್ದ ಹಾಗೆ ಒತ್ತಡ ಇಳಿಯುತ್ತದೆ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಪೈಪಿನಲ್ಲಿ ಹಾಗಾಗುವುದಿಲ್ಲ. ಹಿಂದೆ ಟ್ಯಾಂಕ್ ಇದೆ, ಹೋದಷ್ಟೂ ನೀರನ್ನು ಅದು ಕೊಡುತ್ತಲೇ ಇರುತ್ತದೆ. ಆದರೆ ಆ ಹೆಚ್ಚಿನ ನೀರು ಟ್ಯಾಂಕಿನಿಂದ ತೂತಿನವರೆಗೆ ಹರಿದು ಬರಬೇಕಲ್ವಾ? ದಾರಿಯುದ್ದಕ್ಕೂ ಹರಿವು ಜಾಸ್ತಿಯಾಗುತ್ತದೆ, ಪೈಪಿನ ಗೋಡೆಗೆ ಘರ್ಷಣೆ ಜಾಸ್ತಿಯಾಗುತ್ತದೆ, ಅದರಿಂದ ಒತ್ತಡ ಕಳೆದುಹೋಗುತ್ತದೆ.

ಟ್ಯಾಂಕಿನ ಬುಡದಲ್ಲಿ ಏನೂ ಬದಲಾಗುವುದಿಲ್ಲ. ಸೋರಿಕೆಯ ಕಡೆಗೆ ಹೋಗುತ್ತಾ ಹೋಗುತ್ತಾ ಇಳಿತ ದೊಡ್ಡದಾಗುತ್ತದೆ. ಸೋರಿಕೆ ದಾಟಿ ಮುಂದಿನ ತುದಿಗೆ ಹೋದರೆ ಅಲ್ಲೂ ಅಷ್ಟೇ ಇಳಿತ ಕಾಣುತ್ತದೆ. ಬೇರೆ ದಾರಿಯಿಂದ ನೀರು ಪಡೆಯುವ ಬೀದಿಗೆ ಇದರ ಸುದ್ದಿಯೇ ಮುಟ್ಟದೆ ಇರಬಹುದು. ಸೆನ್ಸರ್ ಜಾಗದ ಬಗ್ಗೆ ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಆ ಇಳಿತ ಎಷ್ಟಿರುತ್ತದೆ? ಕಣ್ಣಿಗೆ ಕಾಣುವಷ್ಟಾ?

ಒಂದು ಲೆಕ್ಕ ಹಾಕೋಣ. 150 ಮಿ.ಮೀ. ಪೈಪ್, 500 ಮೀಟರ್ ಉದ್ದ, ಒಳಮೈ ಸಾಧಾರಣ ನಯ, ಘರ್ಷಣೆಯಿಂದ ಕಳೆಯುವ ಒತ್ತಡವನ್ನು ಲೆಕ್ಕ ಹಾಕುವ ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ಆ ನಯವನ್ನು ಸೂಚಿಸುವ ಸಿ ಬೆಲೆ 120. ಬೆಳಗಿನ ಹೊತ್ತು ಸೆಕೆಂಡಿಗೆ 10 ಲೀಟರ್ ಹರಿಯುತ್ತಿದೆ. ತುದಿಯಲ್ಲಿ ಸೆಕೆಂಡಿಗೆ 2 ಲೀಟರಿನ ಸೋರಿಕೆ ಶುರುವಾಯಿತು. ತುದಿಯ ಒತ್ತಡ ಸುಮಾರು 62 ಸೆಂ.ಮೀ. ನೀರಿನ ಎತ್ತರದಷ್ಟು ಇಳಿಯುತ್ತದೆ. (ಒತ್ತಡ ಎಷ್ಟು ಎತ್ತರದ ನೀರಿಗೆ ಸಮ ಎಂದು ಇಲ್ಲಿ ಮೀಟರ್, ಸೆಂ.ಮೀ. ಲೆಕ್ಕದಲ್ಲಿ ಹೇಳುತ್ತೇನೆ.)

ಅದೇ ಸೋರಿಕೆ ರಾತ್ರಿ 3 ಗಂಟೆಗೆ, ಪೈಪಿನಲ್ಲಿ ಬರೀ 2 ಲೀಟರ್ ಹರಿಯುತ್ತಿರುವಾಗ ಆದರೆ? ಇಳಿತ ಸುಮಾರು 20 ಸೆಂ.ಮೀ. ಮಾತ್ರ. ಒತ್ತಡದ ನಷ್ಟ ಹರಿವಿನ 1.852ನೇ ಘಾತಕ್ಕೆ ಏರುತ್ತದೆ. ಹಾಗಾಗಿ ಮೊದಲೇ ತುಂಬಿ ಹರಿಯುವ ಪೈಪಿನಲ್ಲಿ ಇನ್ನೆರಡು ಲೀಟರ್ ಸೇರಿದರೆ ಜಾಸ್ತಿ ಪೆಟ್ಟು ಬೀಳುತ್ತದೆ. ಖಾಲಿಖಾಲಿ ಇರುವ ಪೈಪು ಅದನ್ನು ಸುಮ್ನೆ ನುಂಗಿಕೊಳ್ಳುತ್ತದೆ. ದಪ್ಪ ಪೈಪಿನಲ್ಲಂತೂ ಇದು ಇನ್ನೂ ಕಮ್ಮಿ.

ಹಾಗಾದರೆ ಹಗಲಿನ ಲೆಕ್ಕವನ್ನೇ ನೋಡಿದರೆ ಒಳ್ಳೆಯದಲ್ವಾ?

ಇಳಿತ ದೊಡ್ಡದು ನಿಜ, ಗದ್ದಲವೂ ದೊಡ್ಡದು. ಮೇಲಿನ ಪೈಪಿನಲ್ಲೇ ಬೆಳಗ್ಗೆ ಜನರ ಬಳಕೆ 1 ಲೀಟರ್ ಹೆಚ್ಚಾದರೂ ಸುಮಾರು 30 ಸೆಂ.ಮೀ. ಇಳಿಯುತ್ತದೆ. ಸ್ನಾನದ ಹೊತ್ತಿನಲ್ಲಿ ಒಂದು ಲೀಟರ್ ಆಚೀಚೆ ಆಗುವುದು ಯಾವ ಲೆಕ್ಕ? ಅದು ಬಳಕೆಯೋ ಸೋರಿಕೆಯೋ ಎಂದು ಹೇಳುವುದು ಕಷ್ಟ.

ರಾತ್ರಿ 2ರಿಂದ 4ರ ನಡುವೆ ಬಳಕೆ ಕನಿಷ್ಠ. ಇಳಿತ ಸಣ್ಣದಾದರೂ ಅದನ್ನು ಮುಚ್ಚುವ ಗದ್ದಲ ಇರುವುದಿಲ್ಲ. ನಾನು ಎರಡನ್ನೂ ನೋಡುತ್ತೇನೆ, ಆದರೆ ಸೋರಿಕೆ ಇದೆಯೋ ಇಲ್ಲವೋ ಅನ್ನುವ ತೀರ್ಮಾನವನ್ನು ರಾತ್ರಿಯ ಲೆಕ್ಕಕ್ಕೇ ಬಿಡುತ್ತೇನೆ. ಹಗಲಿನ ಲೆಕ್ಕ ಉಪಯೋಗಕ್ಕೆ ಬರುವುದು ಹಲವು ದಿನಗಳ ಅದೇ ಗಂಟೆಯನ್ನು ಸರಾಸರಿ ಮಾಡಿ ಹೋಲಿಸಿದಾಗ.

ಫ್ಲೋ ಮೀಟರ್ ಇದ್ದ ಮೇಲೆ ಪ್ರೆಷರ್ ಸೆನ್ಸರ್ ಯಾಕೆ?

ಒಂದು ವಲಯಕ್ಕೆ ನೀರು ಹೋಗುವ ಬಾಯಲ್ಲಿ ಮೀಟರ್ ಇಟ್ಟು ರಾತ್ರಿ ಹರಿವು ನೋಡಿದರೆ ಸೋರಿಕೆ ಇದೆ, ಇಷ್ಟಿದೆ ಎಂದು ಗೊತ್ತಾಗುತ್ತದೆ. ಡಿಎಂಎ ಎಂದು ಕರೆಯುವುದು ಇಂಥ ವಲಯವನ್ನೇ. ಸಾಮಾನ್ಯವಾಗಿ ಒಂದರಲ್ಲಿ 500ರಿಂದ 3,000 ಸಂಪರ್ಕಗಳಿರುತ್ತವೆ. ಅಷ್ಟು ಮನೆಗಳ ನಡುವೆ ಪೈಪು ಹತ್ತಾರು ಕಿಲೋಮೀಟರ್ ಇರಬಹುದು. ಯಾವ ಬೀದಿ ಎಂದು ಮೀಟರ್ ಹೇಳುವುದಿಲ್ಲ. ಆ ದಿಕ್ಕು ತೋರಿಸುವುದಕ್ಕೆ ಒತ್ತಡ ಬೇಕು.

ಬರೀ ಪ್ರೆಷರ್ ಸೆನ್ಸರ್ ಇದ್ದು ಮೀಟರ್ ಇಲ್ಲದಿದ್ದರೂ ಪರದಾಟವೇ. ಹಣ ಕಮ್ಮಿ ಇದ್ದರೆ ಮೊದಲು ಬಾಯಿಗೊಂದು ಮೀಟರ್ ಹಾಕಿ.

ಸರಿ, ಸೆನ್ಸರ್ ಎಲ್ಲಿ ಹಾಕಬೇಕು?

ಪ್ರತಿ ಜಾಗಕ್ಕೂ ಎರಡು ಪ್ರಶ್ನೆ ಕೇಳಿ. ಒಂದು, ಸೋರಿಕೆ ಆದರೆ ಈ ಜಾಗಕ್ಕೆ ತಿಳಿಯುತ್ತದೆಯಾ? ಎರಡು, ಅದು ಆ ಬೀದಿಯದೋ ಈ ಬೀದಿಯದೋ ಎಂದು ಬೇರೆ ಮಾಡಿ ಹೇಳುತ್ತದೆಯಾ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಮರೆಯುತ್ತಾರೆ, ಆಮೇಲೆ ಸೆನ್ಸರ್ ಹಾಕಿದರೂ ಪ್ರಯೋಜನ ಇಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಾರೆ.

ಹೀಗೆ ಯೋಚಿಸಿ. ಒಂದು ಮೇನ್ ಲೈನ್ ಬಂದು ಪೂರ್ವ, ನಡು, ಪಶ್ಚಿಮ ಎಂದು ಮೂರು ಕವಲಾಗಿದೆ. ಕವಲುಗಳ ನಡುವೆ ಅಲ್ಲಲ್ಲಿ ಅಡ್ಡ ಪೈಪುಗಳಿವೆ. ಮೂರು ಸೆನ್ಸರನ್ನೂ ಕವಲಿಗೆ ಮುಂಚೆ ಮೇನ್ ಲೈನಿನಲ್ಲೇ ಇಟ್ಟರೆ, ಪೂರ್ವದಲ್ಲಿ ಸೋರಿದರೂ ಪಶ್ಚಿಮದಲ್ಲಿ ಸೋರಿದರೂ ಮೂರರಲ್ಲೂ 12, 12, 12 ಸೆಂ.ಮೀ. ಇಳಿತ ಬರುತ್ತದೆ ಎಂದಿಟ್ಟುಕೊಳ್ಳಿ. ಸೋರಿಕೆ ಇದೆ ಎಂದಷ್ಟೇ ತಿಳಿಯಿತು, ಮೀಟರ್ ಅದನ್ನು ಆಗಲೇ ಹೇಳಿತ್ತು. ಕವಲಿಗೊಂದರಂತೆ ಇಟ್ಟರೆ ಪೂರ್ವದ ಸೋರಿಕೆಗೆ 40, 15, 5 ಬರುತ್ತದೆ. ಪಶ್ಚಿಮದ್ದಕ್ಕೆ 5, 15, 40. ಈಗ ಎರಡಕ್ಕೂ ಬೇರೆ ಬೇರೆ ಮುಖ ಇದೆ.

ಸೋರಿಕೆ ದೊಡ್ಡದಾದರೆ ಅಂಕಿಗಳು ಹೆಚ್ಚುಕಮ್ಮಿ ಒಟ್ಟಿಗೇ ಏರುತ್ತವೆ. 40, 15, 5 ಇದ್ದದ್ದು 80, 30, 10ರ ಹತ್ತಿರ ಹೋಗಬಹುದು. ಅಂಕಿ ಬದಲಾದರೂ ಅವುಗಳ ನಡುವಿನ ಪ್ರಮಾಣ ಹಾಗೇ ಉಳಿಯುತ್ತದೆ. ಸೋರಿಕೆ ಎಷ್ಟು ದೊಡ್ಡದು ಎಂದು ಗೊತ್ತಿಲ್ಲದೆಯೂ ಎಲ್ಲಿದೆ ಎಂದು ಅಂದಾಜು ಮಾಡಲು ಆಗುವುದು ಇದರಿಂದ. ಒಳ್ಳೆಯ ಜಾಗ ಎಂದರೆ ಈ ಪ್ರಮಾಣಗಳು ಬೀದಿಯಿಂದ ಬೀದಿಗೆ ಸ್ಪಷ್ಟವಾಗಿ ಬೇರೆಯಾಗುವಂತೆ ಮಾಡುವ ಜಾಗ.

ನಕ್ಷೆಯ ಮೇಲೆ ನೋಡಿದರೆ ಅವು ಸಾಮಾನ್ಯವಾಗಿ ಟ್ಯಾಂಕಿನಿಂದ ದೂರದ, ಕವಲುಗಳ ಒಳಭಾಗದ, ಒಂದಕ್ಕೊಂದು ಬೇರೆ ದಾರಿಯಿಂದ ನೀರು ಪಡೆಯುವ ಜಂಕ್ಷನ್‌ಗಳು, ಅಂದರೆ ಪೈಪುಗಳು ಕೂಡುವ ಜಾಗಗಳು.

ಒತ್ತಡ ಅತಿ ಕಡಿಮೆ ಇರುವ ಜಾಗದಲ್ಲಿ ಒಂದು ಹಾಕಿದರೆ ಸಾಲದಾ?

ಜನರಿಗೆ ನೀರು ಸರಿಯಾಗಿ ತಲುಪುತ್ತಿದೆಯಾ ಎಂದು ನೋಡಲು ಅದು ಬೇಕೇ ಬೇಕು. ಸೋರಿಕೆಯ ಜಾಗ ಹೇಳಲು ಒಂದರಿಂದ ಆಗುವುದಿಲ್ಲ. ಎತ್ತರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಒತ್ತಡ ಕಡಿಮೆ ಇರಬಹುದು. ಎತ್ತರಕ್ಕೂ ಸೋರಿಕೆ ತಿಳಿಯುವ ಗುಣಕ್ಕೂ ಸಂಬಂಧ ಇಲ್ಲ.

ಎಲ್ಲಿ ಹಾಕಬಾರದು?

ಟ್ಯಾಂಕಿನ ಪಕ್ಕ ಹಾಕಿದರೆ ಟ್ಯಾಂಕಿನ ನೀರಿನ ಮಟ್ಟ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಒತ್ತಡ ತಗ್ಗಿಸುವ ವಾಲ್ವ್, ಅಂದರೆ ಪಿಆರ್‌ವಿಯ ಕೆಳಗೇ ಇಟ್ಟರೂ ಅದೇ ಕಥೆ. ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದೇ ಆ ವಾಲ್ವಿನ ಕೆಲಸ, ಸೋರಿಕೆಯ ಗುರುತನ್ನು ಅದು ಅಳಿಸಿಬಿಡುತ್ತದೆ. ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಬೇಕಾದರೆ ಇಡಿ, ಆದರೆ ಸೋರಿಕೆ ಹುಡುಕುವ ಲೆಕ್ಕಕ್ಕೆ ಸೇರಿಸಬೇಡಿ. ಪಂಪಿನ ಬಾಯಿಯಂತೂ ಬರೀ ಅದುರಾಟ.

ಮನೆ ಅಥವಾ ಕಟ್ಟಡದ ಸಂಪರ್ಕದ ಪೈಪಿಗೆ ಹಾಕಬೇಡಿ. ಇದು ನಾನೇ ಪಟ್ಟ ಪಾಡು. ಒಂದು ಸೆನ್ಸರ್ ದಿನಾ ಬೆಳಗ್ಗೆ 5 ಗಂಟೆ 40ಕ್ಕೆ ಸರಿಯಾಗಿ 3 ಮೀಟರ್ ಇಳಿಯುತ್ತಿತ್ತು, ಮುಕ್ಕಾಲು ಗಂಟೆ ಹಾಗೇ ಇದ್ದು ಮೇಲೇಳುತ್ತಿತ್ತು. ಸುತ್ತಲಿನ ಬೇರೆ ಯಾವ ಸೆನ್ಸರಿಗೂ ಇದರ ಗಾಳಿಯೂ ಸೋಕಿರಲಿಲ್ಲ. ಎರಡು ವಾರ ಆ ಬೀದಿಯ ವಾಲ್ವ್‌ಗಳನ್ನೆಲ್ಲ ತೆರೆದು ನೋಡಿದೆವು. ಕೊನೆಗೆ ಛೇಂಬರಿನ ಮಣ್ಣು ಬಗೆದಾಗ ಗೊತ್ತಾಯಿತು, ಸೆನ್ಸರ್ ಕೂತಿದ್ದದ್ದು ಮೇನ್ ಲೈನಿನ ಮೇಲಲ್ಲ, ಪಕ್ಕದ ಕಟ್ಟಡಕ್ಕೆ ಹೋಗುವ 25 ಮಿ.ಮೀ. ಪೈಪಿನ ಮೇಲೆ. ಕಟ್ಟಡದ ಸಂಪು ತುಂಬುವ ಹೊತ್ತಿಗೆ ಆ ಸಣ್ಣ ಪೈಪಿನಲ್ಲಿ ಒತ್ತಡ ಬೀಳುತ್ತಿತ್ತು. ಸೆನ್ಸರ್ ಸತ್ಯವನ್ನೇ ಹೇಳುತ್ತಿತ್ತು, ಆದರೆ ನಮ್ಮ ಜಾಲದ ಸತ್ಯವನ್ನಲ್ಲ.

ಎಷ್ಟು ಸೆನ್ಸರ್ ಬೇಕು?

ಇಷ್ಟು ಕಿಲೋಮೀಟರಿಗೆ ಇಷ್ಟು ಎನ್ನುವ ಒಂದೇ ಸೂತ್ರ ನಾನು ನಂಬುವುದಿಲ್ಲ. ಮರದ ಕೊಂಬೆಗಳ ಹಾಗೆ ಕವಲೊಡೆದ ಜಾಲಕ್ಕೂ ಬಲೆಯ ಹಾಗೆ ಹೆಣೆದ ಜಾಲಕ್ಕೂ ತುಂಬಾ ವ್ಯತ್ಯಾಸ. ಬಲೆಯಲ್ಲಿ ನೀರು ನಾಲ್ಕು ಕಡೆಯಿಂದ ಬರುತ್ತದೆ, ಇಳಿತ ಹಂಚಿಹೋಗುತ್ತದೆ. ಅಲ್ಲಿ ಜಾಸ್ತಿ ಬೇಕು.

ಒಂದು ಅಂದಾಜಿಗೆ ಹೇಳುವುದಾದರೆ, 2020ರಲ್ಲಿ ಸೋರಿಕೆ ಪತ್ತೆ ವಿಧಾನಗಳನ್ನು ಪರೀಕ್ಷಿಸಲು ಬ್ಯಾಟಲ್‌ಡಿಮ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅದಕ್ಕಾಗಿ ರೂಪಿಸಿದ ಎಲ್-ಟೌನ್ ಎಂಬ ಜಾಲದಲ್ಲಿ 782 ಜಂಕ್ಷನ್‌ಗಳಿಗೆ 33 ಪ್ರೆಷರ್ ಸೆನ್ಸರ್ ಇದ್ದವು. ಅಂದರೆ ಸುಮಾರು 24 ಜಂಕ್ಷನ್‌ಗೆ ಒಂದು.

ಮೊದಲ ನಾಲ್ಕೈದು ಸೆನ್ಸರ್ ಕೊಡುವಷ್ಟು ಲಾಭ ಆಮೇಲಿನವು ಕೊಡುವುದಿಲ್ಲ. ಒಂದೊಂದಾಗಿ ಸೇರಿಸುತ್ತಾ ಎಷ್ಟು ಬೀದಿ ಬೇರೆಯಾಗಿ ಗುರುತಾಗುತ್ತಿದೆ ಎಂದು ಗೆರೆ ಎಳೆದು ನೋಡಿ. ಗೆರೆ ಮಲಗಲು ಶುರುವಾದ ಕಡೆ ನಿಲ್ಲಿಸಿ. ಒಂದೆರಡು ಹೆಚ್ಚಿಗೆ ಇರಲಿ, ಯಾವುದಾದರೂ ಕೆಟ್ಟಾಗ ಬೇಕಾಗುತ್ತದೆ.

ಕಂಪ್ಯೂಟರ್ ಈ ಜಾಗಗಳನ್ನು ಹೇಗೆ ಆರಿಸುತ್ತದೆ?

ಮೊದಲು ಜಾಲದ ಮಾಡೆಲ್ ಬೇಕು, ಅಂದರೆ ಪೈಪು, ಟ್ಯಾಂಕು, ಬಳಕೆಯನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದ ನಕಲು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಬಿಡುಗಡೆ ಮಾಡಿದ ಇಪಾನೆಟ್ ಇವತ್ತಿಗೂ ಎಲ್ಲರೂ ಬಳಸುವ ಉಚಿತ ತಂತ್ರಾಂಶ. ಅದರಲ್ಲಿ ಒಂದೊಂದು ಜಂಕ್ಷನ್‌ನಲ್ಲೂ ಸೋರಿಕೆ ಇದೆ ಎಂದು ಬರೆದು ಓಡಿಸುತ್ತೀರಿ, ಉಳಿದ ಜಂಕ್ಷನ್‌ಗಳಲ್ಲಿ ಎಷ್ಟು ಇಳಿಯಿತು ಎಂದು ಬರೆದುಕೊಳ್ಳುತ್ತೀರಿ. 100 ಜಂಕ್ಷನ್ ಇದ್ದರೆ ನೂರು ಸಾಲು, ನೂರು ಕಂಬದ ಒಂದು ಪಟ್ಟಿ ಸಿಗುತ್ತದೆ. ಸಾಲು ಎಂದರೆ ಸೋರಿಕೆಯ ಜಾಗ, ಕಂಬ ಎಂದರೆ ಸೆನ್ಸರ್ ಇಡಬಹುದಾದ ಜಾಗ. ಯಾವ ಕಂಬಗಳನ್ನು ಇಟ್ಟುಕೊಂಡರೆ ಸಾಲುಗಳು ಒಂದರಿಂದೊಂದು ಬೇರೆಯಾಗಿ ಕಾಣುತ್ತವೆ ಅನ್ನುವುದೇ ಪ್ರಶ್ನೆ.

ಎಲ್ಲ ಸಾಧ್ಯತೆಗಳನ್ನೂ ನೋಡಿಬಿಡೋಣ ಎಂದರೆ, ನೂರು ಜಾಗದಲ್ಲಿ ಬರೀ 5 ಆರಿಸುವುದಕ್ಕೇ 7,52,87,520 ದಾರಿಗಳಿವೆ. ಆದ್ದರಿಂದ ಅತಿ ಒಳ್ಳೆಯ ಒಂದು ಜಾಗ ಆರಿಸಿ, ಅದಕ್ಕೆ ಜೊತೆಯಾಗಿ ಅತಿ ಒಳ್ಳೆಯ ಎರಡನೆಯದನ್ನು ಆರಿಸಿ, ಹೀಗೆ ಮುಂದೆ ಹೋಗುವುದು ಸುಲಭದ ದಾರಿ. 490 ಸಲ ಲೆಕ್ಕ ಹಾಕಿದರೆ ಸಾಕು. ಎಷ್ಟು ಸೋರಿಕೆ ತಿಳಿಯುತ್ತದೆ ಎಂಬುದೇ ಅಳತೆಗೋಲಾದರೆ, ಈ ದಾರಿ ಅತ್ಯುತ್ತಮ ಉತ್ತರದ ಶೇ. 63ಕ್ಕಿಂತ ಕೆಳಗೆ ಹೋಗುವುದಿಲ್ಲ ಎಂದು 1978ರಲ್ಲೇ ಗಣಿತಜ್ಞರು ತೋರಿಸಿದ್ದಾರೆ. ಬೀದಿಗಳನ್ನು ಬೇರೆ ಮಾಡಿ ಗುರುತಿಸುವ ಅಳತೆಗೋಲು ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೆ ಆ ಭರವಸೆ ಇರಬಹುದು, ಇಲ್ಲದಿರಬಹುದು.

ಒಂದು ಎಚ್ಚರಿಕೆ. ಲೆಕ್ಕದಲ್ಲಿ ಸೆನ್ಸರಿನ ತಪ್ಪನ್ನೂ ಬಳಕೆಯ ಏರಿಳಿತವನ್ನೂ ಸೇರಿಸಲೇಬೇಕು. ಸೇರಿಸದಿದ್ದರೆ 1 ಮಿ.ಮೀ. ಇಳಿತವನ್ನೂ ಕಂಪ್ಯೂಟರ್ ನಂಬಿಬಿಡುತ್ತದೆ.

ನಮ್ಮಲ್ಲಿ ಮಾಡೆಲ್ ಇಲ್ಲ. ಏನು ಮಾಡೋದು?

ಪೈಪಿನ ನಕ್ಷೆ ಹರಡಿಕೊಂಡು, ದಿನಾ ವಾಲ್ವ್ ತಿರುಗಿಸುವ ನೀರಗಂಟಿಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ವಾಲ್ವ್ ವರ್ಷಗಟ್ಟಲೆ ಅರ್ಧ ಮುಚ್ಚಿದೆ, ಯಾವ ಬೀದಿಗೆ ಯಾವ ಕಡೆಯಿಂದ ನೀರು ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಅದನ್ನು ಗೌರವದಿಂದ ಕೇಳಿ, ಬರೆದುಕೊಳ್ಳಿ. ಟ್ಯಾಂಕಿನಿಂದ ಪ್ರತಿ ಕವಲಿನ ಕೊನೆಯ ಮೂರನೇ ಒಂದು ಭಾಗದಲ್ಲಿ ಒಂದೊಂದು ಜಾಗ ಗುರುತು ಮಾಡಿ. ಆಮೇಲೆ ಹೈಡ್ರಂಟ್ ಪರೀಕ್ಷೆ ಮಾಡಿ. ಮಾಡೆಲ್ ಇರುವವರೂ ಇದನ್ನು ಬಿಡಬಾರದು.

ಹೈಡ್ರಂಟ್ ಪರೀಕ್ಷೆ ಅಂದರೇನು?

ಬೇಕೆಂದೇ ಸೋರಿಕೆ ಮಾಡಿ ನೋಡುವುದು. ಹೈಡ್ರಂಟ್ ಎಂದರೆ ಬೆಂಕಿ ಆರಿಸುವಂಥ ಕೆಲಸಕ್ಕೆ ಪೈಪಿನ ಮೇಲೆ ಇಟ್ಟಿರುವ ದೊಡ್ಡ ನಲ್ಲಿ. ರಾತ್ರಿ 2 ಗಂಟೆಗೆ ಒಂದು ಹೈಡ್ರಂಟ್ ಹತ್ತಿರ ನಿಲ್ಲುತ್ತೀರಿ. ಬಾಯಿಗೆ ಅಳತೆಯ ಮೀಟರ್ ಇರುವ ಪೈಪ್ ಸಿಕ್ಕಿಸುತ್ತೀರಿ. ನಿಧಾನಕ್ಕೆ, ಕಾಲು ಕಾಲು ಸುತ್ತಾಗಿ ತೆರೆಯುತ್ತೀರಿ. ಫಟ್ಟನೆ ತೆರೆದರೆ ಅಥವಾ ಮುಚ್ಚಿದರೆ ಪೈಪಿನಲ್ಲಿ ಒತ್ತಡದ ಅಲೆ ಎದ್ದು ಹಳೆಯ ಜಾಯಿಂಟ್ ಒಡೆಯಬಹುದು. ಮೀಟರ್ ಸೆಕೆಂಡಿಗೆ 2 ಲೀಟರ್ ತೋರಿಸಿದಾಗ ಕೈ ಬಿಡಿ. ಗಡಿಯಾರ ನೋಡಿ ಸಮಯ ಬರೆಯಿರಿ, ಅರ್ಧ ಗಂಟೆ ಹಾಗೇ ಬಿಡಿ.

ಫೋನಿನ ಪರದೆಯಲ್ಲಿ ಗೆರೆಗಳು ಬರುತ್ತಿರುತ್ತವೆ. ಒಂದು ಗೆರೆ ಮೆಟ್ಟಿಲಿನ ಹಾಗೆ 20 ಸೆಂ.ಮೀ. ಕೆಳಗಿಳಿದು ನೇರ ನಿಲ್ಲುತ್ತದೆ. ಇನ್ನೊಂದು ಸ್ವಲ್ಪ ಬಾಗುತ್ತದೆ. ಮೂರನೆಯದು ಅಲುಗುವುದೇ ಇಲ್ಲ. ಮುಚ್ಚಿದ ಮೇಲೆ ಎಲ್ಲವೂ ಹಳೆಯ ಜಾಗಕ್ಕೆ ಬರಬೇಕು. ಹೀಗೆ ಹತ್ತು ಹೈಡ್ರಂಟ್‌ಗಳಲ್ಲಿ ಮಾಡಿದರೆ ನಿಮ್ಮದೇ ಜಾಲದ, ನಿಮ್ಮದೇ ಸೆನ್ಸರ್‌ಗಳ ಪಟ್ಟಿ ಸಿಗುತ್ತದೆ. ಯಾವ ಹೈಡ್ರಂಟ್ ತೆರೆದರೂ ಅಲುಗದ ಸೆನ್ಸರ್ ಇದ್ದರೆ ಅದರ ಜಾಗ ಬದಲಿಸಿ. ಅದಕ್ಕೂ ಮುಂಚೆ ಸೆನ್ಸರಿನ ಕೆಳಗಿನ ಕಾಕ್, ಅಂದರೆ ಸಣ್ಣ ವಾಲ್ವ್, ಮುಚ್ಚಿದೆಯಾ ಎಂದು ನೋಡಿ, ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ.

ಮಾಡೆಲ್ ಪೂರ್ವದಲ್ಲಿ ಇಳಿಯಬೇಕು ಎಂದು ಹೇಳಿ, ನಿಜದಲ್ಲಿ ಪಶ್ಚಿಮದಲ್ಲಿ ಇಳಿದರೆ ಎಲ್ಲೋ ಒಂದು ವಾಲ್ವ್ ನಕ್ಷೆಯಲ್ಲಿ ತೆರೆದಿದೆ, ನೆಲದಡಿಯಲ್ಲಿ ಮುಚ್ಚಿದೆ ಎಂದು ಸಂಶಯ ಪಡಿ.

ಎಂಥ ಸೆನ್ಸರ್ ಕೊಳ್ಳಬೇಕು?

ನಿಖರತೆಯನ್ನು ಪೂರ್ತಿ ಅಳತೆಯ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. 10 ಬಾರ್‌ವರೆಗೆ ಅಳೆಯುವ ಸೆನ್ಸರಿನಲ್ಲಿ, ಅಂದರೆ ಸುಮಾರು 100 ಮೀಟರ್ ನೀರಿನ ಎತ್ತರದಲ್ಲಿ, ಶೇ. 0.5 ಎಂದರೆ ಅರ್ಧ ಮೀಟರ್ ತಪ್ಪು. ನಾವು ಹುಡುಕುತ್ತಿರುವುದು 20 ಸೆಂ.ಮೀ. ಇಳಿತ! ಶೇ. 0.1 ಇದ್ದರೆ 10 ಸೆಂ.ಮೀ. ತಪ್ಪು, ಅದು ನಡೆಯುತ್ತದೆ. ನಿಮ್ಮ ಜಾಲದಲ್ಲಿ ಒತ್ತಡ 50 ಮೀಟರ್ ಮೀರದಿದ್ದರೆ 25 ಬಾರ್‌ನ ಸೆನ್ಸರ್ ತರಬೇಡಿ. ಛೇಂಬರ್ ಮಳೆಗಾಲದಲ್ಲಿ ತುಂಬುತ್ತದೆ, ಆದ್ದರಿಂದ ನೀರಲ್ಲಿ ಮುಳುಗಿದರೂ ಕೆಡದಂಥದ್ದೇ ಬೇಕು. ಕೂರಿಸುವಾಗ ಸಂಪರ್ಕದ ಸಣ್ಣ ಕೊಳವೆಯಿಂದ ಗಾಳಿ ಪೂರ್ತಿ ಬಿಡಿಸಿ.

ಸೆನ್ಸರಿನ ಎತ್ತರ ಅಳೆಯಬೇಕಾ?

ಮಾಡೆಲ್ ಜೊತೆ ಹೋಲಿಸುವುದಾದರೆ ಅಳೆಯಲೇಬೇಕು. ಎತ್ತರದಲ್ಲಿ 1 ಮೀಟರ್ ತಪ್ಪಾದರೆ ಒತ್ತಡದಲ್ಲೂ 1 ಮೀಟರ್ ತಪ್ಪು. ಫೋನಿನ ಜಿಪಿಎಸ್ ಎತ್ತರ ಇದಕ್ಕೆ ಆಗುವುದಿಲ್ಲ. ಅದೇ ಸೆನ್ಸರಿನ ನಿನ್ನೆಯ ಅಂಕಿಗೆ ಇವತ್ತಿನದನ್ನು ಹೋಲಿಸುವುದಾದರೆ ಆ ತಪ್ಪು ಎರಡೂ ಕಡೆ ಇದ್ದು ಕಳೆದುಹೋಗುತ್ತದೆ.

ಸೆಕೆಂಡಿಗೆ ನೂರು ಸಲ ಅಳೆಯುವ ಸೆನ್ಸರ್ ಯಾಕೆ ಬೇಕು? 15 ನಿಮಿಷಕ್ಕೊಮ್ಮೆ ಸಾಲದಾ?

ಮೇಲೆ ಹೇಳಿದ ವಿಧಾನಕ್ಕೆ 5 ಅಥವಾ 15 ನಿಮಿಷದ ಸರಾಸರಿ ಸಾಕು. ಪೈಪ್ ದಿಢೀರನೆ ಒಡೆದಾಗ ಏಳುವ ಅಲೆಯನ್ನು ಹಿಡಿಯಬೇಕಾದರೆ ಮಾತ್ರ ವೇಗದ ಸೆನ್ಸರ್ ಬೇಕು. ಲೋಹದ ಪೈಪಿನಲ್ಲಿ ಆ ಅಲೆ ಸೆಕೆಂಡಿಗೆ ಸುಮಾರು 1,000ದಿಂದ 1,400 ಮೀಟರ್ ಓಡುತ್ತದೆ, ಪ್ಲಾಸ್ಟಿಕ್ ಪೈಪಿನಲ್ಲಿ ತುಂಬಾ ನಿಧಾನ. ಒಂದೇ ಪೈಪಿನ ಮೇಲೆ 600 ಮೀಟರ್ ಅಂತರದಲ್ಲಿ ಎರಡು ಸೆನ್ಸರ್ ಇವೆ, ಅಲೆಯ ವೇಗ 1,200 ಮೀಟರ್ ಎಂದುಕೊಳ್ಳಿ. ಮೊದಲನೆಯದಕ್ಕೆ 0.2 ಸೆಕೆಂಡ್ ಮುಂಚೆ ಅಲೆ ಮುಟ್ಟಿದರೆ ಒಡೆದ ಜಾಗ ಅದರಿಂದ 180 ಮೀಟರ್ ದೂರದಲ್ಲಿದೆ. ಎರಡರ ಗಡಿಯಾರದಲ್ಲಿ 0.1 ಸೆಕೆಂಡ್ ವ್ಯತ್ಯಾಸ ಇದ್ದರೂ ಉತ್ತರ 60 ಮೀಟರ್ ಆಚೀಚೆ ಹೋಗುತ್ತದೆ. ಮೊದಲೇ ಸೋರುತ್ತಿರುವ ಪೈಪು ಇಂಥ ಅಲೆ ಎಬ್ಬಿಸುವುದಿಲ್ಲ.

ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಕಡೆ ಇದು ನಡೆಯುತ್ತದೆಯಾ?

ಕಷ್ಟ. ಪೈಪು ಖಾಲಿಯಾಗಿ, ಗಾಳಿ ತುಂಬಿ, ಮತ್ತೆ ನೀರು ತುಂಬುವ ಹೊತ್ತಿನ ಅಂಕಿಗಳಿಗೆ ಅರ್ಥ ಇರುವುದಿಲ್ಲ. ಪೈಪು ಪೂರ್ತಿ ತುಂಬಿ ಒತ್ತಡ ನಿಂತ ಮೇಲಿನ ಭಾಗವನ್ನಷ್ಟೇ ತೆಗೆದುಕೊಂಡು, ಬೇರೆ ಬೇರೆ ದಿನದ ಅದೇ ಭಾಗಕ್ಕೆ ಹೋಲಿಸಿ. ಆಗಲೂ ಎಲ್ಲ ಮನೆಯ ನಲ್ಲಿಗಳೂ ಒಟ್ಟಿಗೆ ತೆರೆದಿರುತ್ತವೆ ಎಂಬುದು ನೆನಪಿರಲಿ.

ಸಣ್ಣ ಸೋರಿಕೆಗಳೂ ಸಿಗುತ್ತವೆಯಾ?

6 ಮಿ.ಮೀ. ತೂತು, 40 ಮೀಟರ್ ಒತ್ತಡ. ಅದರಿಂದ ದಿನಕ್ಕೆ ಸುಮಾರು 41,000 ಲೀಟರ್ ಹೋಗುತ್ತದೆ. ಇಷ್ಟೆಲ್ಲ ಆದರೂ ಸೆಕೆಂಡಿಗೆ ಅದು ಅರ್ಧ ಲೀಟರ್ ಕೂಡ ಇಲ್ಲ. ಮೊದಲಿನ ಪೈಪಿನಲ್ಲೇ ರಾತ್ರಿ ಹೊತ್ತು ಇದರಿಂದ ಆಗುವ ಇಳಿತ ಬರೀ 4 ಸೆಂ.ಮೀ. ಒಂದು ರಾತ್ರಿಯಲ್ಲಿ ಇದನ್ನು ಯಾರೂ ಹಿಡಿಯಲಾರರು. ಹಲವು ರಾತ್ರಿಗಳ ಸರಾಸರಿಯಲ್ಲಿ ಕೆಲವೊಮ್ಮೆ ಸಿಗುತ್ತದೆ. ಜಾಯಿಂಟ್‌ಗಳಲ್ಲಿ ಜಿನುಗುವ ಸೋರಿಕೆಯಂತೂ ಪ್ರೆಷರ್ ಸೆನ್ಸರಿಗೆ ಸಿಗುವುದೇ ಇಲ್ಲ. ಅದಕ್ಕೆ ರಾತ್ರಿಯ ಒತ್ತಡವನ್ನು ತಗ್ಗಿಸುವುದೇ ಮದ್ದು.

ಸೆನ್ಸರ್ ತೋರಿಸಿದ ಕಡೆ ನೇರವಾಗಿ ಅಗೆಯಬಹುದಾ?

ದಯವಿಟ್ಟು ಬೇಡ. ಇದು ಹೇಳುವುದು ಈ ನಾಲ್ಕೈದು ಬೀದಿಗಳಲ್ಲಿ ಹುಡುಕಿ ಎಂದು. ಅಲ್ಲಿಂದ ಮುಂದೆ ವಾಲ್ವ್ ಒಂದೊಂದಾಗಿ ಮುಚ್ಚಿ ಹರಿವು ನೋಡುವುದು, ಕಿವಿಗೊಟ್ಟು ಕೇಳುವ ಕೋಲು, ಎರಡು ಕಡೆ ಶಬ್ದ ಹೋಲಿಸುವ ಯಂತ್ರ, ಇವು ಬೇಕು. ಪ್ಲಾಸ್ಟಿಕ್ ಪೈಪಿನಲ್ಲಿ ಶಬ್ದ ಬೇಗ ಸಾಯುತ್ತದೆ, ಅಲ್ಲಿ ಹತ್ತಿರ ಹತ್ತಿರ ಕೇಳಬೇಕು.

ಒಮ್ಮೆ ಹಾಕಿದ ಸೆನ್ಸರ್ ಅಲ್ಲೇ ಇರಬೇಕಾ?

ಇರಬೇಕಿಲ್ಲ. ಹೊಸ ಬಡಾವಣೆ ಸೇರಿತು, ವಲಯದ ಗಡಿಯ ವಾಲ್ವ್ ಬದಲಾಯಿತು, ದಪ್ಪ ಪೈಪ್ ಹಾಕಿದರು ಎಂದರೆ ನೀರಿನ ದಾರಿಯೇ ಬದಲಾಗಿರುತ್ತದೆ. ಆಗ ಹೈಡ್ರಂಟ್ ಪರೀಕ್ಷೆಯನ್ನು ಮತ್ತೆ ಮಾಡಿ, ಪಟ್ಟಿ ಹೊಸದಾಗಿ ಬರೆಯಿರಿ. ಪ್ರತಿ ಸೋರಿಕೆ ಸಿಕ್ಕಿದಾಗಲೂ ಅದರ ಜಾಗ, ರಿಪೇರಿಗೆ ಮುಂಚಿನ ಮತ್ತು ನಂತರದ ಒತ್ತಡ, ಮೂರನ್ನೂ ಅದೇ ಪಟ್ಟಿಗೆ ಸೇರಿಸುತ್ತಾ ಹೋಗಿ. ರಿಪೇರಿ ಆದ ಮೇಲೂ ರಾತ್ರಿಯ ಗೆರೆ ಮೇಲೇಳದಿದ್ದರೆ ಅದೇ ಬೀದಿಯಲ್ಲಿ ಇನ್ನೊಂದು ತೂತಿರಬಹುದು. ತಂಡವನ್ನು ವಾಪಸ್ ಕಳಿಸುವ ಮುಂಚೆ ಆ ಗೆರೆ ನೋಡಿ.